ಹಾಸ್ಟೆಲ್ ಮೆನು ಬೋರ್ಡಿನಲ್ಲಿ ಬೇಳೆಯ ತೂಕವನ್ನೂ ಬರೆಯಿಸಿ

ದಾವಣಗೆರೆ ಜಿಲ್ಲಾಧಿಕಾರಿಗಳಿಗೆ, ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಜಿಲ್ಲಾ ಅಧಿಕಾರಿಗಳಿಗೆ, ನಗರದ ವಿದ್ಯಾರ್ಥಿನಿಲಯಗಳ ವಾರ್ಡನ್‌ಗಳಿಗೆ ಹಾಗೂ ಪಿಜಿ ನಡೆಸುವ ಎಲ್ಲರಿಗೆ

ಮಾನ್ಯರೇ,

ಜೂನ್ ಬಂತೆಂದರೆ ಜಗಳೂರು, ಚನ್ನಗಿರಿ, ಹೊನ್ನಾಳಿ, ಚಳ್ಳಕೆರೆ, ಹರಪನಹಳ್ಳಿ ಕಡೆಯ ಮಕ್ಕಳು ಟ್ರಂಕು, ಹಾಸಿಗೆ ಹೊತ್ತು ದಾವಣಗೆರೆಗೆ ಬರುತ್ತಾರೆ. ಪಿಯುಸಿ, ಐಟಿಐ, ನರ್ಸಿಂಗ್, ಇಂಜಿನಿಯರಿಂಗ್, ಡಿಗ್ರಿ ಹೀಗೆ ಓದು ಬೇರೆ ಬೇರೆಯಾದರೂ ಮನೆ ಊಟ ತಪ್ಪಿದ್ದು ಎಲ್ಲರಿಗೂ ಒಂದೇ. ಆಹಾರ ಮತ್ತು ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಕೆಲಸ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಮುಖ್ಯ ಬೇಡಿಕೆ ಒಂದೇ: ಹಾಸ್ಟೆಲಿನ ಅಡುಗೆಮನೆಯನ್ನು ಮಕ್ಕಳ ಮಾನಸಿಕ ಆರೋಗ್ಯದ ಕೆಲಸದ ಭಾಗವೆಂದು ಪರಿಗಣಿಸಿ. ಅದರ ಮೊದಲ ಹೆಜ್ಜೆಯಾಗಿ, ಮೆನು ಬೋರ್ಡಿನಲ್ಲಿ ‘ಅನ್ನ, ಸಾಂಬಾರ್’ ಎಂದಷ್ಟೇ ಬರೆದು ಬಿಡದೆ, ಆ ಸಾಂಬಾರಿಗೆ ಒಬ್ಬರ ಪಾಲಿಗೆ ಎಷ್ಟು ಗ್ರಾಂ ಬೇಳೆ ಬಿದ್ದಿದೆ ಎಂಬುದನ್ನೂ ಬರೆಯಿಸಿ.

ಬೇಳೆಗೂ ಮನಸ್ಸಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಓದಿದ್ದು ತಲೆಗೆ ಹತ್ತುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಸಣ್ಣ ಮಾತಿಗೂ ರೇಗುತ್ತದೆ, ಹತ್ತು ಗಂಟೆಯ ಕ್ಲಾಸಿಗೇ ಕಣ್ಣು ಎಳೆಯುತ್ತದೆ ಎನ್ನುವ ಮಕ್ಕಳಿಗೆ ಸೋಮಾರಿತನ, ಮೊಬೈಲ್ ಚಟ, ಪರೀಕ್ಷೆ ಭಯ ಎಂಬ ಹಣೆಪಟ್ಟಿ ಬೇಗ ಬೀಳುತ್ತದೆ. ಮನೆಯ ಚಿಂತೆ, ಪ್ರೀತಿ, ಜಾತಿಯ ಅವಮಾನ, ಇಂಗ್ಲಿಷ್ ಪಾಠದ ಭಯ ಎಲ್ಲವೂ ನಿಜವಾದ ಕಾರಣಗಳೇ. ಆದರೆ ಇದೇ ಲಕ್ಷಣಗಳು ಕಬ್ಬಿಣಾಂಶ ಕಡಿಮೆಯಾದಾಗ, ಬಿ12 ಜೀವಸತ್ವ ಕಡಿಮೆಯಾದಾಗ, ಥೈರಾಯ್ಡ್ ಏರುಪೇರಾದಾಗ, ದಿನವೂ ಅರೆಹೊಟ್ಟೆಯಲ್ಲಿದ್ದಾಗಲೂ ಬರುತ್ತವೆ. ಮಾತಿನ ಸಮಾಧಾನದಿಂದ ರಕ್ತಹೀನತೆ ಹೋಗುವುದಿಲ್ಲ. ಕಬ್ಬಿಣದ ಮಾತ್ರೆಯಿಂದ ಮನೆಯ ಜಗಳ ತೀರುವುದೂ ಇಲ್ಲ. ಹಾಗಾಗಿ ಎರಡನ್ನೂ ನೋಡಬೇಕು.

ಮಿದುಳಿನ ತೂಕ ದೇಹದ ಶೇ. 2ರಷ್ಟು ಮಾತ್ರ. ಆದರೆ ದೇಹ ವಿಶ್ರಾಂತಿಯಲ್ಲಿರುವಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತದೆ. ಮನಸ್ಸಿನ ಹದ ಕಾಯುವ ಸೆರೊಟೋನಿನ್, ಡೋಪಮಿನ್‌ನಂಥ ರಾಸಾಯನಿಕಗಳು ಪ್ರೋಟೀನಿನ ತುಣುಕುಗಳಿಂದಲೇ ತಯಾರಾಗುತ್ತವೆ. ತಯಾರಿಸುವ ಕಿಣ್ವಗಳಿಗೆ ಕಬ್ಬಿಣ ಬೇಕು, ಬಿ6 ಬೇಕು. ಫೋಲೇಟ್ ಎಂಬ ಬಿ ಜೀವಸತ್ವ, ಬಿ12 ಇಲ್ಲದಿದ್ದರೂ ಈ ಕೆಲಸ ಕುಂಟುತ್ತದೆ. ಹಿಮೋಗ್ಲೋಬಿನ್ ಇನ್ನೂ ಸರಿಯಾಗಿಯೇ ಇರುವಾಗಲೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿ ಸುಸ್ತು, ಮಂಕು ಕಾಣಿಸಿಕೊಳ್ಳಬಹುದು. ಅದು ಫೆರಿಟಿನ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹುಡುಗಿಯರಿಗೆ ಹಿಮೋಗ್ಲೋಬಿನ್ 12ಕ್ಕಿಂತ, 15 ದಾಟಿದ ಹುಡುಗರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಹುಡುಗರನ್ನು ಯಾರೂ ಪರೀಕ್ಷಿಸುವುದೇ ಇಲ್ಲ, ದಯವಿಟ್ಟು ಅವರನ್ನೂ ಪರೀಕ್ಷಿಸಿ. ಹದಿಹರೆಯದವರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಒಳ್ಳೆಯ ಮಾತ್ರೆ. ಆದರೂ ಅದು ಕಸದ ಬುಟ್ಟಿ ಸೇರುವುದು ಏಕೆ? ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮರುದಿನ ಮಲ ಕಪ್ಪಗೆ ಹೋಗುತ್ತದೆ, ಮಕ್ಕಳು ಹೆದರುತ್ತಾರೆ. ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಮಧ್ಯಾಹ್ನ ಅಥವಾ ರಾತ್ರಿ ಊಟವಾದ ಮೇಲೆ, ನೀರಿನೊಂದಿಗೆ, ವಾರ್ಡನ್ ಎದುರೇ ನುಂಗಿಸಿ. ಹಾಲು, ಟೀ ಜತೆ ಬೇಡ. ಆರು ತಿಂಗಳಿಗೊಮ್ಮೆ ಕೊಡುವ ಜಂತುಹುಳದ ಮಾತ್ರೆ, ಅಂದರೆ 400 ಮಿಲಿಗ್ರಾಂ ಆಲ್ಬೆಂಡಜೋಲ್, ತಪ್ಪದಂತೆ ನೋಡಿಕೊಳ್ಳಿ. ಹೊಟ್ಟೆಯಲ್ಲಿ ಕೊಕ್ಕೆಹುಳು ಇದ್ದರೆ ಅದು ರಕ್ತ ಹೀರುವುದರಿಂದ ತಿಂದ ಕಬ್ಬಿಣ ನಷ್ಟವಾಗುತ್ತದೆ.

ಬಿ12 ವಿಷಯಕ್ಕೆ ನಮ್ಮ ಭಾಗದಲ್ಲಿ ಹೆಚ್ಚು ಗಮನ ಬೇಕು, ಏಕೆಂದರೆ ಇಲ್ಲಿ ಮಾಂಸ, ಮೊಟ್ಟೆ ಮುಟ್ಟದ ಮನೆಗಳು ಬಹಳ. ಸೊಪ್ಪು, ಕಾಳು, ರಾಗಿ, ಜೋಳ ಯಾವುದರಲ್ಲೂ ಬಿ12 ಇಲ್ಲ. ಸಸ್ಯಾಹಾರಿ ಮಗುವಿಗೆ ಹಾಲು, ಮೊಸರೇ ಗತಿ. ದಿನಕ್ಕೆ ಬೇಕಾದ್ದು 2.2 ಮೈಕ್ರೋಗ್ರಾಂ. 300 ಮಿಲಿ ಹಾಲಿನಲ್ಲಿ ಸಿಗುವುದು ಹೆಚ್ಚುಕಡಿಮೆ 1 ಮೈಕ್ರೋಗ್ರಾಂ, ಒಂದು ಮೊಟ್ಟೆಯಲ್ಲಿ ಅರ್ಧ. ಒಂದು ಲೀಟರ್ ಮೊಸರಿಗೆ ಏಳೆಂಟು ಲೀಟರ್ ನೀರು ಬೆರೆಸಿದ ಮಜ್ಜಿಗೆ ಬೇಸಿಗೆಗೆ ಹಿತ, ಆದರೆ ಅದನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬೇಡಿ. ಅಂಗಾಲು ಜುಮುಗುಟ್ಟುವುದು, ನಾಲಿಗೆ ಕೆಂಪಗೆ ನುಣ್ಣಗಾಗುವುದು, ಮರೆವು, ಬೇಸರ, ಕಿರಿಕಿರಿ ಜತೆಯಾಗಿ ಬಂದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಮೆಡಿಕಲ್ ಶಾಪಿನಿಂದ ತಾವೇ ಬಿ-ಕಾಂಪ್ಲೆಕ್ಸ್ ತಂದು ನುಂಗಿ ಆಮೇಲೆ ಪರೀಕ್ಷೆಗೆ ಹೋದರೆ ಫಲಿತಾಂಶ ಸರಿಯಾಗಿ ಬಾರದು. ಇನ್ನೂ ಒಂದು ಅಪಾಯವಿದೆ. ಬಿ12 ಕೊರತೆ ಇರುವವರು ಫೋಲಿಕ್ ಆಮ್ಲವನ್ನಷ್ಟೇ ಹೆಚ್ಚಾಗಿ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಆಹಾರದ ಕೊರತೆ ಬುದ್ಧಿಯನ್ನೇ ಕೆಡಿಸಬಲ್ಲದು ಎಂಬುದಕ್ಕೆ ಮೆಕ್ಕೆಜೋಳ ಬೆಳೆಯುವ ಈ ಜಿಲ್ಲೆಯವರು ತಿಳಿಯಬೇಕಾದ ಇತಿಹಾಸವೊಂದಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಎಂಬ ಕಾಯಿಲೆ ಹಬ್ಬಿತ್ತು. ಚರ್ಮ ಸುಲಿಯುವುದು, ಭೇದಿ, ಕೊನೆಗೆ ಭ್ರಮೆ, ಬುದ್ಧಿಮಂಕು. ಮಾನಸಿಕ ಆಸ್ಪತ್ರೆಗಳಲ್ಲಿ ಈ ರೋಗಿಗಳು ತುಂಬಿದ್ದರು. ಇದು ಸೋಂಕು ಎಂದೇ ಬಹುತೇಕ ವೈದ್ಯರ ನಂಬಿಕೆ. 1914ರಲ್ಲಿ ತನಿಖೆಗೆ ಬಂದ ಜೋಸೆಫ್ ಗೋಲ್ಡ್‌ಬರ್ಗರ್ ಕಂಡದ್ದೇನೆಂದರೆ, ಅನಾಥಾಲಯ, ಆಸ್ಪತ್ರೆಗಳ ನಿವಾಸಿಗಳಿಗೆ ಬರುವ ಕಾಯಿಲೆ ಅಲ್ಲೇ ಇರುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ವ್ಯತ್ಯಾಸ ತಟ್ಟೆಯಲ್ಲಿತ್ತು. ಮೆಕ್ಕೆಜೋಳದ ಹಿಟ್ಟೇ ಪ್ರಧಾನವಾಗಿದ್ದ ಊಟಕ್ಕೆ ಹಾಲು, ಮೊಟ್ಟೆ, ಮಾಂಸ, ಕಾಳು ಸೇರಿಸಿದಾಗ ಮಕ್ಕಳಲ್ಲಿ ಪೆಲಾಗ್ರ ಮಾಯವಾಯಿತು. ಕೊರತೆ ನಯಾಸಿನ್ ಎಂಬ ಜೀವಸತ್ವದ್ದು ಎಂದು ಖಚಿತವಾದದ್ದು 1937ರಲ್ಲಿ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಅದು ಬಿಗಿದುಕೊಂಡಿರುತ್ತದೆ, ಸುಣ್ಣದ ನೀರಿನಲ್ಲಿ ಬೇಯಿಸಿದರೆ ಬಿಡಿಸಿಕೊಳ್ಳುತ್ತದೆ. ನಮ್ಮ ದಖ್ಖನ್ ಸೀಮೆಯಲ್ಲೂ ಬರೀ ಬಿಳಿಜೋಳ ತಿಂದು ಬದುಕುವ ಬಡವರಲ್ಲಿ ಪೆಲಾಗ್ರ ಇದ್ದುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿದ್ದ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದರು. ಜೋಳದ ರೊಟ್ಟಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ರೊಟ್ಟಿ ಜತೆ ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಇಟ್ಟುಕೊಂಡ ನಮ್ಮ ಹಿರಿಯರ ಊಟ ಪೂರ್ಣವಾದ ಊಟ. ಮೇಲೋಗರ ಕಳೆದು ಬರೀ ಧಾನ್ಯ ಉಳಿದಾಗ ತೊಂದರೆ ಶುರು. ಇಂದು ಹಾಸ್ಟೆಲ್ ತಟ್ಟೆಯಲ್ಲಿ ಜೋಳದ ಜಾಗಕ್ಕೆ ಪಾಲಿಶ್ ಅಕ್ಕಿ ಬಂದಿದೆ, ಮೇಲೋಗರ ಮಾತ್ರ ತೆಳ್ಳಗಾಗುತ್ತಲೇ ಇದೆ.

ಅರೆಹೊಟ್ಟೆ ಎಂಬುದೇ ಮನಸ್ಸನ್ನು ಕೆಡಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆರೋಗ್ಯವಂತರಾದ 36 ಯುವಕರು ಸ್ವಯಂಪ್ರೇರಿತರಾಗಿ 24 ವಾರ ಕಡಿಮೆ ಊಟದಲ್ಲಿದ್ದರು. ಉತ್ಸಾಹ ಬತ್ತಿತು, ಖಿನ್ನತೆ, ಸಿಡುಕು, ಏಕಾಗ್ರತೆ ಇಲ್ಲದಿರುವುದು, ಮೂರು ಹೊತ್ತೂ ಊಟದ್ದೇ ಧ್ಯಾನ. ಅವರು ಮಾನಸಿಕವಾಗಿ ಗಟ್ಟಿ ಎಂದು ನೋಡಿಯೇ ಆರಿಸಿಕೊಂಡವರು. ರಾತ್ರಿ ಎಂಟೂವರೆಗೆ ಉಂಡು, ಬೆಳಿಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಒಂದೂವರೆಗೆ ತಟ್ಟೆ ಹಿಡಿಯುವ ಹುಡುಗಿ 17 ಗಂಟೆ ಉಪವಾಸವಿದ್ದಂತೆ. ಮಧ್ಯೆ ಕುಡಿದದ್ದು ಒಂದು ಟೀ. ಅವಳು ಲ್ಯಾಬಿನಲ್ಲಿ ತಲೆ ಸುತ್ತಿ ಕೂತರೆ ಅಚ್ಚರಿಯೇನೂ ಇಲ್ಲ. ಆಕೆ ತಿಂಡಿ ಬಿಟ್ಟದ್ದು ಡಯಟ್ ಎಂದಲ್ಲ, ಏಳೂಮುಕ್ಕಾಲಿಗೆ ಬಸ್ಸಿದೆ, ತಿಂಡಿ ಬರುವುದು ಎಂಟಕ್ಕೆ. ಇದನ್ನು ಸರಿಪಡಿಸಲು ಹಣ ಬೇಕಿಲ್ಲ. ಬಸ್ಸಿನ ವೇಳೆ ನೋಡಿ ಒಲೆ ಹಚ್ಚಿದರೆ ಸಾಕು.

ಈಗ ತಟ್ಟೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 2000 ಕ್ಯಾಲೊರಿಯ ದಿನದ ಊಟದಲ್ಲಿ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿ ಹಾಲು ಅಥವಾ ಮೊಸರು, 35 ಗ್ರಾಂ ಎಣ್ಣೆಬೀಜ ಇರಬೇಕು. 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 46 ಗ್ರಾಂ, ಹುಡುಗನಿಗೆ 55 ಗ್ರಾಂ ಪ್ರೋಟೀನ್ ಬೇಕು.

ನೂರು ಮಕ್ಕಳ ಸಾಂಬಾರಿಗೆ ಒಂದೂವರೆ ಕಿಲೋ ತೊಗರಿಬೇಳೆ ಹಾಕಿದರೆ ಒಬ್ಬರಿಗೆ 15 ಗ್ರಾಂ ಬೇಳೆ, ಅದರಲ್ಲಿ ಪ್ರೋಟೀನ್ ಮೂರೇ ಗ್ರಾಂ ಚಿಲ್ಲರೆ. ಮೂರು ಕಿಲೋ ಹಾಕಿದರೆ ಆರೂವರೆ ಗ್ರಾಂ ಆಗುತ್ತದೆ. ಹೀಗಾಗಿ ನೂರು ಮಕ್ಕಳಿಗೆ ಇಡೀ ದಿನಕ್ಕೆ ಒಣ ತೂಕದಲ್ಲಿ ಎಂಟೂವರೆ ಕಿಲೋ ಬೇಳೆಕಾಳು ಉಗ್ರಾಣದಿಂದ ಹೊರಬೀಳಬೇಕು: ಮಧ್ಯಾಹ್ನದ ಸಾಂಬಾರಿಗೆ ಮೂರು ಕಿಲೋ, ರಾತ್ರಿಯ ಕಾಳುಪಲ್ಯಕ್ಕೆ ಅಥವಾ ಸೊಪ್ಪಿನ ಬಸ್ಸಾರಿಗೆ ಮೂರು ಕಿಲೋ, ಸಂಜೆ ಉಸಲಿಗೋ ಬೆಳಿಗ್ಗೆ ಇಡ್ಲಿ-ದೋಸೆಯ ಉದ್ದಿಗೋ ಎರಡೂವರೆ ಕಿಲೋ. ಬಡಿಸುವಾಗಿನ ಒಂದು ಸಣ್ಣ ವಿಷಯ ದೊಡ್ಡ ವ್ಯತ್ಯಾಸ ಮಾಡುತ್ತದೆ. ಬೆಂದ ಬೇಳೆ ಕೊಳಗದ ತಳಕ್ಕೆ ಕೂರುತ್ತದೆ. ಸೌಟನ್ನು ತಳಕ್ಕೆ ಬಿಟ್ಟು ಕಲಕದೆ ಮೇಲಿಂದ ಮೇಲೆ ಬಡಿಸಿದರೆ ಮೊದಲ ಸಾಲಿನ ಮಕ್ಕಳಿಗೆ ಹುಳಿನೀರು, ಕೊನೆಯವರಿಗೆ ಗಟ್ಟಿ ಬೇಳೆ. ಪ್ರತಿ ಹತ್ತು ತಟ್ಟೆಗೊಮ್ಮೆ ತಳದಿಂದ ತಿರುವಲೇಬೇಕು.

ಮಂಡಕ್ಕಿ ಈ ಊರಿನ ಉಸಿರು. ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ, ಹೇಳಿದರೂ ಯಾರೂ ಬಿಡುವುದಿಲ್ಲ. 50 ಗ್ರಾಂ ಮಂಡಕ್ಕಿಯ ಒಗ್ಗರಣೆಯಲ್ಲಿ ಪ್ರೋಟೀನ್ ನಾಲ್ಕು ಗ್ರಾಂ ಒಳಗೇ. ಬೇಗ ಜೀರ್ಣವಾಗಿ ಹನ್ನೊಂದಕ್ಕೆಲ್ಲ ಮತ್ತೆ ಹಸಿವು, ಮಂಪರು. ಅದಕ್ಕೇ 25 ಗ್ರಾಂ ಹುರಿದ ಶೇಂಗಾ, 20 ಗ್ರಾಂ ಪುಠಾಣಿ ಹಿಟ್ಟು ಸೇರಿಸಿದರೆ 14 ಗ್ರಾಂ ಮುಟ್ಟುತ್ತದೆ. ಮೇಲೆ ಅರ್ಧ ನಿಂಬೆಹಣ್ಣು, ಈರುಳ್ಳಿ, ಕೊತ್ತಂಬರಿ. ನಿಂಬೆಯ ಸಿ ಜೀವಸತ್ವ ಕಾಳಿನಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಅಡುಗೆಯವರಿಗೆ ಹೇಳಬೇಕಾದ್ದು ಇಷ್ಟೇ: ನಿಂಬೆಯನ್ನು ಒಲೆಯ ಮೇಲಿರುವಾಗ ಹಿಂಡಬೇಡಿ, ಇಳಿಸಿದ ಮೇಲೆ ಹಿಂಡಿ. ಜತೆಗೆ ಮಿರ್ಚಿ ಇದ್ದರೆ ಇರಲಿ, ಮಿರ್ಚಿ-ಮಂಡಕ್ಕಿಯೇ ರಾತ್ರಿಯ ಊಟವಾಗುವುದು ಬೇಡ.

ಬೇಳೆ ಬೇಗ ಬೇಯಲೆಂದು ಅಡುಗೆಸೋಡಾ ಹಾಕುವ ರೂಢಿ ನಿಲ್ಲಬೇಕು. ಸೋಡಾ ಬಿದ್ದರೆ ಬಿ1 ಜೀವಸತ್ವ ನಾಶವಾಗುತ್ತದೆ. ಬೇಳೆಯನ್ನು ಅರ್ಧ ಗಂಟೆ, ಇಡೀ ಕಾಳನ್ನು ರಾತ್ರಿಯಿಡೀ ನೆನೆಸಿದರೆ ಸೋಡಾ ಬೇಕಾಗುವುದೇ ಇಲ್ಲ. ಹೆಸರು, ಮಡಿಕೆಯಂಥ ಕಾಳು ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ತಗ್ಗುತ್ತದೆ. ಅಕ್ಕಿಯನ್ನು ಐದಾರು ಸಲ ಉಜ್ಜಿ ತೊಳೆದು, ಬೆಂದ ಮೇಲೆ ಗಂಜಿ ಬಸಿದು ಚೆಲ್ಲುವುದೂ ನಷ್ಟವೇ. ಎರಡು ಸಲ ತೊಳೆದು, ನೀರು ಅಳೆದು ಹಾಕಿ ಇಂಗಿಸಿ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ. ನೂರು ಮಕ್ಕಳಿಗೆ ಬಿಡಿಸಿದ ಸೊಪ್ಪು ಐದು ಕಿಲೋ ಬೇಕು. ಹರಿವೆ, ಮೆಂತ್ಯ, ನುಗ್ಗೆ, ಪುಂಡಿ ಯಾವುದು ಅಗ್ಗವೋ ಅದು. ದಿನಕ್ಕೊಂದು ಹೊತ್ತು ಮುದ್ದೆ ಅಥವಾ ರೊಟ್ಟಿ ಇರಲಿ.

ಅಗಸೆ ಚಟ್ನಿಪುಡಿಗೆ ಎಲ್ಲ ಹಾಸ್ಟೆಲಿನಲ್ಲೂ ಒಂದು ಡಬ್ಬಿ ಇಡಬಹುದು. ಅದರಲ್ಲಿ ಒಮೆಗಾ-3 ಕೊಬ್ಬಿದೆ. ಇಡೀ ಅಗಸೆ ಹಾಗೇ ಹೊರಹೋಗುತ್ತದೆ, ಪುಡಿ ಮಾಡಿದರಷ್ಟೇ ಉಪಯೋಗ. ಮೀನಿನಲ್ಲಿರುವ ಒಮೆಗಾ-3ಗೆ ಇದು ಪೂರ್ತಿ ಸಮವಲ್ಲ, ದೇಹ ಇದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಆ ರೂಪಕ್ಕೆ ತರಬಲ್ಲದು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು, ಬಿ12 ಸೊನ್ನೆ. 200 ಮಿಲಿ ಹಾಲು ಮತ್ತು 30 ಗ್ರಾಂ ಶೇಂಗಾ ಇರುವ ಚಿಕ್ಕಿ ಕೊಡಿ.

ಟೀ ನಿಲ್ಲಿಸಿ ಎಂದು ಕೇಳುವುದಿಲ್ಲ, ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಕೇಳುತ್ತೇವೆ. ಟೀಯ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕೆಫೀನ್‌ನ ಅರ್ಧ ಭಾಗ ರಕ್ತದಿಂದ ಇಳಿಯಲು ಐದಾರು ಗಂಟೆ ಬೇಕು. ರಾತ್ರಿ ಒಂಬತ್ತರ ಕಾಫಿ ನಡುರಾತ್ರಿ ಕಳೆದು ಎರಡು ಗಂಟೆಗೂ ಎಚ್ಚರವಾಗಿರಿಸುತ್ತದೆ. ಪರೀಕ್ಷೆ ಕಾಲದಲ್ಲಿ ಕಾಲೇಜುಗಳ ಸುತ್ತ ಮಾರುವ ಎನರ್ಜಿ ಡ್ರಿಂಕಿನ 250 ಮಿಲಿ ಡಬ್ಬಿಯಲ್ಲಿ ಸುಮಾರು 75 ಮಿಲಿಗ್ರಾಂ ಕೆಫೀನ್ ಇರುತ್ತದೆ. ಎದೆ ಡವಗುಟ್ಟಿ, ಕೈ ನಡುಗಿ, ಬೆವರಿ ಬರುವ ಮಗುವಿಗೆ ಗಾಬರಿಯ ಕಾಯಿಲೆ ಎನ್ನುವ ಮೊದಲು ಹಿಂದಿನ ರಾತ್ರಿ ಏನು ಕುಡಿದೆ, ಎಷ್ಟು ಕುಡಿದೆ, ಬೆಳಿಗ್ಗೆ ಏನಾದರೂ ತಿಂದೆಯಾ ಎಂದು ಕೇಳಿ. ನೀರಿನ ಮಾತೂ ಇದೆ. ಕಾಲೇಜಿನ ಶೌಚಾಲಯ ಕೊಳಕಾಗಿದ್ದರೆ ಹುಡುಗಿಯರು ದಿನವಿಡೀ ನೀರು ಕುಡಿಯುವುದಿಲ್ಲ. ಸಂಜೆಗೆ ತಲೆನೋವು, ಸಿಡುಕು. ಇಲ್ಲಿ ಔಷಧಿ ಎಂದರೆ ಸ್ವಚ್ಛ ಶೌಚಾಲಯವೇ.

ಇಷ್ಟು ಹೇಳಿದ ಮೇಲೆ ಊಟದಿಂದ ಏನಾಗುವುದಿಲ್ಲ ಎಂಬುದನ್ನೂ ಹೇಳಬೇಕು. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ ಖಿನ್ನತೆಯಿದ್ದ 67 ಜನರಲ್ಲಿ ಕೆಲವರಿಗೆ 12 ವಾರ ಆಹಾರತಜ್ಞರ ಮಾರ್ಗದರ್ಶನ, ಉಳಿದವರಿಗೆ ಮಾತುಕತೆಯ ಒಡನಾಟ ಕೊಟ್ಟರು. ಆಹಾರ ಬದಲಿಸಿದವರಲ್ಲಿ ಶೇ. 32, ಉಳಿದವರಲ್ಲಿ ಶೇ. 8 ಮಂದಿ ಖಿನ್ನತೆಯಿಂದ ಹೊರಬಂದರು. ಭರವಸೆಯ ಸುದ್ದಿಯೇ, ಆದರೆ ಅಧ್ಯಯನ ಚಿಕ್ಕದು, ಅವರಲ್ಲಿ ಹೆಚ್ಚಿನವರು ಔಷಧಿಯನ್ನೋ ಆಪ್ತಸಮಾಲೋಚನೆಯನ್ನೋ ಪಡೆಯುತ್ತಲೇ ಇದ್ದವರು. 2019ರಲ್ಲಿ ಯುರೋಪಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ವರ್ಷವಿಡೀ ಪೋಷಕಾಂಶದ ಗುಳಿಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ ಖಿನ್ನತೆ ತಡೆಯಲು ಗುಳಿಗೆಗಳಿಂದ ಪ್ರಯೋಜನವಾಗಲಿಲ್ಲ. ಕೊರತೆ ಇದ್ದವರಿಗೆ ತುಂಬಿಕೊಡುವುದು ಬೇರೆ, ಎಲ್ಲರಿಗೂ ಗುಳಿಗೆ ಹಂಚುವುದು ಬೇರೆ. ‘ಮೂಡ್’ ಸರಿಮಾಡುತ್ತದೆ ಎಂದು ಮಾರುವ ದುಬಾರಿ ಪುಡಿಗಳಿಗೆ ಹಾಸ್ಟೆಲಿನ ಹಣ ಹಾಕಬೇಡಿ.

ಮನೋವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಊಟ ಸುಧಾರಿಸಿತೆಂದು ಯಾರೂ ನಿಲ್ಲಿಸಕೂಡದು. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವ ಮಗು ಇದ್ದರೆ ವಾರ್ಡನ್‌ಗೆ ತಿಳಿದಿರಲೇಬೇಕು. ಆ ಮಗು ಉಪ್ಪನ್ನು ಇದ್ದಕ್ಕಿದ್ದಂತೆ ಬಿಟ್ಟರೆ, ಈ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ನೀರು ಕುಡಿಯದಿದ್ದರೆ, ವಾಂತಿ-ಭೇದಿಯಾದರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ತೊದಲು, ತೂರಾಡುವ ನಡಿಗೆ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ರಾವಣದ, ಶಿವರಾತ್ರಿಯ, ರಂಜಾನ್‌ನ ಉಪವಾಸದ ಮೊದಲೂ ಇಂಥವರು ವೈದ್ಯರನ್ನು ಕೇಳಬೇಕು.

ಹಸಿವು ಕಟ್ಟಿ ಹೋಗುವುದು ಖಿನ್ನತೆಯ ಲಕ್ಷಣವೂ ಹೌದು. ಎರಡು ವಾರ ತಟ್ಟೆ ಹಾಗೇ ವಾಪಸ್ ಬರುತ್ತಿದ್ದರೆ ಗದರಬೇಡಿ, ಪಕ್ಕದಲ್ಲಿ ಕೂತು ‘ಯಾಕಮ್ಮ, ಏನಾಯ್ತು?’ ಎಂದು ಕೇಳಿ. ತೂಕದ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ಎಲ್ಲರೆದುರು ದಪ್ಪ, ಸಣಕಲು ಎನ್ನಬೇಡಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಊಟದ ಹಾಲಿನಲ್ಲಿ ಎಲ್ಲರಿಗೂ ಕಾಣುವಂತಿರಲಿ.

ಜಿಲ್ಲಾಡಳಿತದಿಂದ ನಾವು ಕೋರುವುದು ಹೀಗಿದೆ. ಮುಂದಿನ ಆಹಾರ ಪೂರೈಕೆಯ ಟೆಂಡರಿನಲ್ಲಿ ಪದಾರ್ಥದ ಹೆಸರಿನ ಜತೆ ತಲಾ ಒಣ ತೂಕವನ್ನು ಕಡ್ಡಾಯ ಮಾಡಿ. ಪ್ರತಿ ಅಡುಗೆಮನೆಗೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕೊಡಿ. ಬೇಳೆ, ಸೊಪ್ಪು, ಹಾಲು ಅಳೆಯುವಾಗ ಇಬ್ಬರು ವಿದ್ಯಾರ್ಥಿಗಳು ಸರದಿಯಂತೆ ನಿಂತು ರಿಜಿಸ್ಟರಿನಲ್ಲಿ ಸಹಿ ಮಾಡಲಿ. ಜುಲೈನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಹುಡುಗ-ಹುಡುಗಿಯರಿಬ್ಬರಿಗೂ ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ, ಕಡಿಮೆ ಇದ್ದವರ ಹೆಸರು ಗುಟ್ಟಾಗಿರಲಿ. ಪಿಜಿಗಳಿಗೆ ಪರವಾನಗಿ ನೀಡುವಾಗ ತಿಂಡಿಯ ವೇಳೆಯನ್ನೂ ಕೇಳಿ. ಅಡುಗೆಯವರಿಗೆ ಅರ್ಧ ದಿನದ ತರಬೇತಿ ಕೊಡಲು, ನೂರು, ಇನ್ನೂರು, ಮುನ್ನೂರು ಮಕ್ಕಳ ಲೆಕ್ಕದ ಅಳತೆಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಒಲೆಯ ಹತ್ತಿರ ತೂಗುಹಾಕಲು ನಾವು ಸಂಬಳವಿಲ್ಲದೆ ಬರುತ್ತೇವೆ. ಯಾವ ಹಾಸ್ಟೆಲಿನಿಂದ ಶುರು ಮಾಡಬೇಕು ಎಂಬುದನ್ನು ಜೂನ್ ಒಳಗೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ದಾವಣಗೆರೆಯ ಕೆಲವು ಆಹಾರತಜ್ಞರು ಮತ್ತು ಆಪ್ತಸಮಾಲೋಚಕರು